ಮೂವತ್ತಾರು ಪರ್ಸೆಂಟಿನ ಮಾವ

ನಮ್ಮ ಮಾವನಷ್ಟು ಪ್ರಾಮಾಣಿಕ ಕಲಬೆರಕೆಗಾರ ಕೋಟದಿಂದ ಬೈಂದೂರಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಅಮ್ಮನ ಅಣ್ಣ ಅವರು. ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದರು. ತೆಕ್ಕಟ್ಟೆ ಹತ್ತಿರದ ಹಾಲಿನ ಸೊಸೈಟಿಯಲ್ಲಿ ಜೀವಮಾನವಿಡೀ ಲ್ಯಾಕ್ಟೋಮೀಟರು ಹಿಡಿದು, ಹಾಲಿಗೆ ನೀರು ಹಾಕುವವರನ್ನು ಸಾಲಾಗಿ ಹಿಡಿದವರು. ಸ್ವಂತ ತಂಗಿಯ ಹಾಲನ್ನೂ ಒಮ್ಮೆ ತಿರುಗಿ ಕಳಿಸಿದ್ದರು! ಅಂಥವರು ನಿವೃತ್ತರಾದ ಮೇಲೆ ಮಾಡಿದ ಕೆಲಸವೇನು ಗೊತ್ತೇ? ಬ್ರಾಂಡಿಗೆ ನೀರು ಹಾಕಿದ್ದು.

ಬ್ರಾಂಡಿ ನಮ್ಮಪ್ಪನದು. ಮುಂಬಯಿಯ ಹೋಟೆಲು ಕೆಲಸ ಬಿಟ್ಟು ಬರುವಾಗ ಅಪ್ಪ ತಂದದ್ದು ಒಂದು ಟ್ರಂಕು ಮತ್ತು ದಿನಕ್ಕೊಂದು ಬಾಟಲಿಯ ಅಭ್ಯಾಸ. ಕಣ್ಣು ಹಳದಿಯಾಗತೊಡಗಿತ್ತು. ಅಮ್ಮ ಅತ್ತಳು, ದೇವರ ಮುಂದೆ ಆಣೆ ಹಾಕಿಸಿದಳು. ಆಣೆ ಮೂರು ದಿನ ಬಾಳಿತು.

ಮಾವ ಮಾತ್ರ ಅಳಲಿಲ್ಲ, ಪೆನ್ಸಿಲು ತೆಗೆದರು. “ಮಾಳಿಗೆಂದ ಹಾರಿದ್ರೆ ಕಾಲ್ ಮುರಿತ್. ಮೆಟ್ಲ್ ಇಳಿದ್ರೆ ಎಂತಾತಿಲ್ಲ” ಎಂಬುದು ಅವರ ಸಿದ್ಧಾಂತ. ಬಾಟಲಿ ತರುವ ಕೆಲಸವನ್ನು ತಾವೇ ವಹಿಸಿಕೊಂಡರು. ದಿನಕ್ಕೊಂದು, ಅದಕ್ಕಿಂತ ಹೆಚ್ಚಿಲ್ಲ ಎಂದು ಅಪ್ಪನಿಂದ ಒಪ್ಪಿಗೆಯೂ ಆಯಿತು. ವೈನ್‌ಶಾಪಿನವನು ಅವರನ್ನು ಕಂಡು ಕಂಗಾಲಾದನಂತೆ.

“ಹ್ವಾಯ್, ಹಾಲಿನಂಗ್ಡಿ ಆಚಿ ಬದಿ.”

“ಗೊತ್ತಿತ್. ಒಂದ್ ಬ್ರಾಂಡಿ ಕೊಡಿ. ಎಷ್ಟ್ ಪರ್ಸೆಂಟ್ ಅಂತ ಬರ್ದದ್ ಇರ್ಕ್.”

ಮೊದಲು ಹಳೆಯ ಲ್ಯಾಕ್ಟೋಮೀಟರನ್ನೇ ಬ್ರಾಂಡಿಯಲ್ಲಿ ಬಿಟ್ಟು ನೋಡಿದರಂತೆ. ಅದು ತೇಲುವ ಗೋಜಿಗೇ ಹೋಗದೆ ಸೀದಾ ತಳ ಸೇರಿತು. ಆಮೇಲೆ ಲೆಕ್ಕವೇ ಗತಿ. ಬಾಟಲಿ ಏಳುನೂರ ಐವತ್ತು ಎಂ.ಎಲ್., ಶಕ್ತಿ ನಲವತ್ತೆರಡು ಪಾಯಿಂಟ್ ಎಂಟು. ನಲವತ್ತಕ್ಕೆ ಇಳಿಸಬೇಕಾದರೆ ನಲವತ್ತೊಂಬತ್ತು ಎಂ.ಎಲ್. ತೆಗೆದು ಅಷ್ಟೇ ನೀರು. ಎರಡನೇ ವಾರ ಮೂವತ್ತೆಂಟು, ಮೂರನೇ ವಾರ ಮೂವತ್ತಾರು. ಮಗುವಿಗೆ ಔಷಧಿ ಕುಡಿಸುವ ಫಿಲ್ಲರಿನಲ್ಲಿ ಅಳತೆ! ಯಾರಿಗೂ ಹೇಳಲಿಲ್ಲ.

ನಾನು ಬಿಎಸ್ಸಿ ಪರೀಕ್ಷೆ ಮುಗಿಸಿ ಹಾಸ್ಟೆಲಿನಿಂದ ಮನೆಗೆ ಬಂದದ್ದು ಆ ಮೂರನೇ ವಾರ. ಮನೆಯ ಹಿಂದೆ ಅಮ್ಮನ ಬಸಳೆ ಚಪ್ಪರ ಕಾರಣವಿಲ್ಲದೆ ಬಾಡುತ್ತಿತ್ತು. “ಎಂತ ರೋಗವೋ” ಎಂದೆ ನಾನು. “ಹುಳ ಆಯ್ಕ್” ಎಂದಳು ಅಮ್ಮ. ಮಾವ ಗಂಭೀರವಾಗಿ ಎಲೆ ತಿರುಗಿಸಿ ನೋಡಿದರು.

ಅಪ್ಪನೂ ಗೊಣಗುತ್ತಿದ್ದರು. “ಎಂತ ಭಾವ, ಈಗಿನ ಕಂಪೆನಿಯರ್ ನೀರ್ ಹಾಕ್ತ್ರಾ?”

“ಕಲಬೆರ್ಕೆ ಎಲ್ಲ ಕಡೆ ಇತ್ ಭಾವ. ಎಂತ ಮಾಡೂದ್?” ಎಂದರು ಮಾವ. ಅಷ್ಟು ವರ್ಷದ ಸೊಸೈಟಿಯ ಅನುಭವ ಆ ಮಾತಿನಲ್ಲಿತ್ತು.

ಆ ವಾರದ ಕೊನೆಗೆ ಒಂದು ಬೆಳಿಗ್ಗೆ. ಅಪ್ಪ ಗಂಜಿಗೆ ಕೂತಿದ್ದರು. ಕೈ ನಡುಗುತ್ತಿತ್ತು, ಚಳಿಜ್ವರವಿರಬೇಕು ಅಂದುಕೊಂಡೆ. ಸ್ಟೀಲಿನ ಲೋಟ ಬಿತ್ತು, ಹಿಂದೆಯೇ ಅಪ್ಪ ಬಿದ್ದರು. ಮೈಯೆಲ್ಲ ಸೆಟೆದು, ಹಲ್ಲು ಕಚ್ಚಿ, ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು. ಎಷ್ಟು ಹೊತ್ತು? ಒಂದು ನಿಮಿಷವಿರಬಹುದು. ನನಗೆ ಅದು ಇನ್ನೂ ಮುಗಿದಿಲ್ಲ. ಇಂದಿಗೂ ಎಲ್ಲಾದರೂ ಲೋಟ ಬಿದ್ದರೆ ನಾನು ಮೊದಲು ನೋಡುವುದು ಲೋಟವನ್ನಲ್ಲ, ಪಕ್ಕದಲ್ಲಿ ಕೂತವರನ್ನು.

ರಿಕ್ಷಾದಲ್ಲಿ ಕುಂದಾಪುರದ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಕೇಳಿದರು, “ಕುಡಿಯುದನ್ನು ಒಮ್ಮೆಲೇ ನಿಲ್ಸಿದ್ರಾ?”

“ಇಲ್ಲ ಡಾಕ್ಟ್ರೇ. ವಾರಕ್ಕೆ ಎರಡೇ ಪರ್ಸೆಂಟ್ ಇಳ್ಸಿದ್. ಈಗ ಮೂವತ್ತಾರಿತ್.” ಮಾವ ಜೇಬಿನಿಂದ ಲೆಕ್ಕದ ಪುಸ್ತಕ ತೆಗೆದು ಬಿಚ್ಚಿದರು. ಡಾಕ್ಟರು ಪುಸ್ತಕವನ್ನೊಮ್ಮೆ, ಮನುಷ್ಯನನ್ನೊಮ್ಮೆ ನೋಡಿದರು.

ಆಗ ಅಮ್ಮನ ದನಿ ಬಂತು. “ಈ ವಾರ ನಾನೂ ದಿನಾ ಒಂದ್ ಲೋಟ ಬಸ್ಳಿ ಬುಡಕ್ಕೆ ಚೆಲ್ಲಿ, ನೀರ್ ಹಾಕ್ತಿದ್ದೆ.”

“ನಾನೂ” ಎಂದೆ. “ಅದೇ ಲೋಟ, ಅದೇ ಬಸ್ಳಿ ಬುಡ.”

ಮಾವ ಬೆಂಚಿನ ಮೇಲೆ ಕೂತರು. ಲೋಟವೆಂದರೆ ಬಾಟಲಿಯ ಮೂರನೇ ಒಂದು ಪಾಲು. “ಮೂವತ್ತಾರ್... ತಂಗಿ ಹಾಕಿದ ಮೇಲೆ ಇಪ್ಪತ್ನಾಲ್ಕ್... ನೀ ಹಾಕಿದ ಮೇಲೆ ಹದಿನಾರ್.” ಪೆನ್ಸಿಲು ನಿಂತಿತು. “ಬಿಎಸ್ಸಿ ಓದಿದವ್ಳ್ ನೀನ್. ಅಳತಿ ಇಲ್ದೆ ಹಾಕಿದ್ಯಾ ಹೆಣೆ?”

ಮೂವರೂ ಸೇರಿ ಅಪ್ಪನನ್ನು ಮಾಳಿಗೆಯಿಂದಲೇ ತಳ್ಳಿದ್ದೆವು. ಹೀಗೆ ಒಮ್ಮೆಲೇ ಇಳಿದರೆ ಜೀವವೇ ಹೋಗಬಹುದು, ಇದು ಮನೆಯಲ್ಲಿ ಮಾಡುವ ಕೆಲಸವಲ್ಲ ಎಂದು ಡಾಕ್ಟರು ಬೈದರು. ಮಾವ ತಲೆ ತಗ್ಗಿಸಿ ಕೇಳಿದರು, ಹಾಲಿಗೆ ನೀರು ಹಾಕಿ ಸಿಕ್ಕಿಬಿದ್ದವರು ಅವರ ಮುಂದೆ ನಿಲ್ಲುತ್ತಿದ್ದ ಹಾಗೆ.

ಎರಡು ದಿನ ಕಳೆದು ಅಪ್ಪನಿಗೆ ಸರಿಯಾಗಿ ಪ್ರಜ್ಞೆ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಇವತ್ತಿನಿಂದ ದಿನಕ್ಕೆ ನಾಲ್ಕು, ಆಮೇಲೆ ಮೂರು, ಎರಡು, ಒಂದು. ಚೀಟಿ ಓದಿದ ಮಾವನ ಮುಖ ಒಂದು ಕ್ಷಣ ಅರಳಿತು. “ಕಾಣ್, ಮೆಟ್ಲೇ” ಎಂದರು ನನ್ನ ಕಿವಿಯಲ್ಲಿ.

ಅಪ್ಪ ಮಂಚದಿಂದಲೇ ಕೇಳಿದರು. “ಭಾವ, ನಾ ಸಾಯ್ತೆ ಅಂದೇಳಿ ಹೆದ್ರಿದ್ರ್ಯಾ?”

“ನಾನಾ? ಇಲ್ಲೆ.”

ಹೇಳುತ್ತಲೇ ಮಾತ್ರೆಯ ಹಾಳೆ ಬಿಡಿಸಿದರು. ಒಂದು, ಎರಡು ಎಂದು ಅಂಗೈಗೆ ಹಾಕಿಕೊಂಡು ನಿಂತರು. ಮತ್ತೆ ಒಂದರಿಂದ ಶುರುಮಾಡಿದರು. ಮತ್ತೆ ನಿಂತರು. ಪಾಯಿಂಟು ಎಂಟನ್ನೂ ಬಿಡದ ಮನುಷ್ಯನಿಗೆ ನಾಲ್ಕು ಮಾತ್ರೆ ಎಣಿಸಲಾಗಲಿಲ್ಲ. ಅಪ್ಪನಿಗೆ ಕಾಣದಂತೆ ಕಿಟಕಿಯ ಕಡೆ ತಿರುಗಿ, ಹಾಳೆಯನ್ನು ನನ್ನ ಕೈಗೆ ತುರುಕಿದರು.

“ನೀನೇ ಎಣ್ಸ್ ಹೆಣೆ. ಎರಡ್ ಸರ್ತಿ ಎಣ್ಸ್.”