ಬಸವಪ್ರಭು ಸರ್ ತರುಣರಾದ ದಿನ

ಪ್ರಿನ್ಸಿಪಾಲ್ ಕೃಷ್ಣಾಬಾಯಿಯವರು ಮಹಾಬಳೇಶ್ವರದ ಯಾವುದೋ ಹೋಟೆಲಿನಲ್ಲಿ ನಡೆದ ಕಾರ್ಯಾಗಾರಕ್ಕೆ ಹೋಗದೆ ಇದ್ದಿದ್ದರೆ ಬಸವಪ್ರಭುಗಳಿಗೆ ಈ ಗತಿ ಬರುತ್ತಿರಲಿಲ್ಲ. 'ಹೊಸ ತಲೆಮಾರಿನ ವಿದ್ಯಾರ್ಥಿಗಳನ್ನು ಸೆಳೆಯುವುದು ಮತ್ತು ಉಳಿಸಿಕೊಳ್ಳುವುದು' ಎಂಬುದು ಆ ಕಾರ್ಯಾಗಾರದ ವಿಷಯ. ಮೇಡಮ್ ಅಲ್ಲಿಂದ ಎರಡು ಬಾಟಲಿ ಜಾಮನ್ನೂ ಒಂದಿಷ್ಟು ಜ್ಞಾನವನ್ನೂ ತಂದರು. ಜಾಮು ಅವರ ಮನೆಗೆ ಹೋಯಿತು, ಜ್ಞಾನ ನೇರವಾಗಿ ಕಾಲೇಜಿಗೆ ಬಂತು.

ಖಡಕಿಯ ಆ ಖಾಸಗಿ ಕಾಲೇಜಿನಲ್ಲಿ ಬಸವಪ್ರಭು ಇಪ್ಪತ್ತು ವರ್ಷಗಳಿಂದ 'ಸಹಕಾರ' ಎಂಬ ಐಚ್ಛಿಕ ವಿಷಯ ಕಲಿಸುತ್ತಿದ್ದರು. ತಾಳಿಕೋಟೆ ಕಡೆಯವರು, ಸಾಧು ಮನುಷ್ಯ. ಒಂದು ಕಾಲಕ್ಕೆ ಸಹಕಾರಿ ಸಂಘಗಳ ಚರಿತ್ರೆ ಕೇಳಲು ಹುಡುಗರು ಕಿಟಕಿಯಲ್ಲೂ ಕೂತಿರುತ್ತಿದ್ದರು, ಏಕೆಂದರೆ ಆ ಪೇಪರಿನಲ್ಲಿ ಯಾರೂ ಫೇಲಾಗುತ್ತಿರಲಿಲ್ಲ. ಈಗ 2003ನೇ ಇಸವಿ. ಎದುರು ಕೋಣೆಯಲ್ಲಿ ಬೆಂಗಳೂರಿನ ಇಂದೂ ಮೇಡಮ್ಮಿನ ಕಂಪ್ಯೂಟರ್ ಲ್ಯಾಬು ತೆರೆದಿತ್ತು. ಅಲ್ಲಿ ಏಸಿ ಇತ್ತು. ಸಹಕಾರದ ಕೋಣೆಯಲ್ಲಿ ಒಂದು ಫ್ಯಾನಿತ್ತು, ಅದು ತನಗೆ ಮನಸ್ಸು ಬಂದಾಗ ತಿರುಗುತ್ತಿತ್ತು.

ಆ ದಿನ ಮುಂಜಾನೆ ಬಂದ ಕೂಡಲೇ ಪ್ರಿನ್ಸಿಪಾಲ್ ಮೇಡಮ್ಮಿಂದ ಕರೆ ಬಂತು. ಕೃಷ್ಣಾಬಾಯಿಯವರು ಸೊಲ್ಲಾಪುರದವರು. ಸಿಟ್ಟು ಬಂದರೆ ಮರಾಠಿ, ಕೆಲಸ ಆಗಬೇಕಾದರೆ ಕನ್ನಡ.

"ಬಸವಪ್ರಭು ಸರ್, ಕೂಡ್ರಿ," ಎಂದರು. ಕನ್ನಡ ಕೇಳಿಯೇ ಬಸವಪ್ರಭು ಕುರ್ಚಿಯ ತುದಿಯಲ್ಲಿ ಕೂತರು. "ವಿಷಯ ಬದಲಿ ಮಾಡಾಕ ಹುಡುಗೂರಿಗೆ ಇವತ್ತ ಕಡೀ ದಿನಾ. ಸಂಜೀ ಐದಕ್ಕ ನಿಮ್ಮ ಕ್ಲಾಸಿನ್ಯಾಗ ಇಪ್ಪತ್ತು ಮಂದಿ ಇದ್ರ ಸೈ. ಇಲ್ಲಾಂದ್ರ ಸಹಕಾರ ಬಂದ್. ನೀವು ಲೋಣಾವಳಾದ ನಮ್ಮ ಶಾಖಾಕ್ಕ ಹೋಗಿ ಹಾಸ್ಟೆಲ್ ನೋಡ್ಕೋರಿ."

"ಈಗ ಎಷ್ಟು ಮಂದಿ ಅದಾರ್ರಿ ಮೇಡಮ್?"

"ಹನ್ನೊಂದು. ಅದರಾಗ ಇಬ್ಬರನ್ನ ಇನ್ನೂ ಯಾರೂ ಕಂಡಿಲ್ಲ."

"ನಾ ಏನ ಮಾಡ್ಬೇಕ್ರಿ ಮತ್ತ?"

"ತಲೆಮಾರು ತಿಳ್ಕೋಬೇಕ್ರಿ, ತಲೆಮಾರು! ಅವರಂಗ ಆಗ್ರಿ. ಅವರ ಸಂಗಡ ಕೂಡ್ರಿ. ನಿಮ್ಮನ್ನ ನೋಡಿದ್ರ ಅವರಿಗೆ ತಮ್ಮ ಗೆಳ್ಯಾನ ಬಂದಾನ ಅನ್ನಿಸ್ಬೇಕು."

ಬಸವಪ್ರಭು ತಲೆಯಾಡಿಸಿ ಹೊರಗೆ ಬಂದರು. ಅವರಿಗೆ ಏನೂ ತಿಳಿದಿರಲಿಲ್ಲ. ತಿಳಿದದ್ದು ಲೋಣಾವಳಾ ಎಂಬ ಒಂದೇ ಶಬ್ದ. ಊರೇನೋ ಚೆಂದ, ಚಿಕ್ಕಿಯೂ ರುಚಿ. ಆದರೆ ಈ ಸುದ್ದಿಯ ಗಾಳಿ ಬೀಸಿದಾಗಲೇ ಹೆಂಡತಿ ನೀತಾ ಕಡ್ಡಿ ಮುರಿದಂತೆ ಹೇಳಿದ್ದಳು: "ಅಲ್ಲಿ ನಾಕ ತಿಂಗಳ ಮಳೀನ ಮಳಿ. ಹಪ್ಪಳ ಒಣಗಂಗಿಲ್ಲ, ಅರಿವಿ ಒಣಗಂಗಿಲ್ಲ. ನೀವು ಹೋಗ್ರಿ, ನಾ ಮಾತ್ರ ಬರಂಗಿಲ್ಲ." ನೀತಾ ಇಲ್ಲದೆ ಬಸವಪ್ರಭುಗಳ ಸಂಸಾರ ನಡೆಯುವ ಮಾತೇ ಇರಲಿಲ್ಲ. ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂಬುದು ಅವರಿಗೆ ಈವರೆಗೂ ಗೊತ್ತಿಲ್ಲ. ಹಿಂದೊಮ್ಮೆ ಅವಳು ಪಂಚಮಿಗೆ ತವರಿಗೆ ಹೋದಾಗ ಬರೀ ಬಾಳೆಹಣ್ಣು ತಿಂದು ದಿನ ದೂಡಿದ್ದರು. ಅವಳು ಬರುವಷ್ಟರಲ್ಲಿ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಗ್ರಂಥಾಲಯದ ಅಂಬಾದಾಸ ಎದುರಾದ. ಗ್ರಂಥಾಲಯಕ್ಕೆ ಯಾರೂ ಬರದ ಕಾರಣ ಅವನ ಬಳಿ ಸಲಹೆಗಳ ದಾಸ್ತಾನು ಸಾಕಷ್ಟಿತ್ತು.

"ಮೊದಲ ಈ ಸಫಾರಿ ತಗೀರಿ ಸರ್. ಸಫಾರಿ ಕಂಡ್ರ ಹುಡುಗೂರಿಗೆ ವಿಮಾ ಏಜೆಂಟ್ ಬಂದಂಗ ಆಗತದ. ಟೀ ಶರ್ಟ್ ಹಾಕ್ರಿ."

"ನಾ ಎಲ್ಲಿಂದ ತರಲೋ ಮಾರಾಯಾ ಈಗ?"

"ಸ್ಪೋರ್ಟ್ಸ್ ರೂಮಿನ ಕೀಲಿ ನನ್ನ ಹಂತ್ಯಾಕ ಅದ. ಬರ್ರಿ."

ಹಳದಿ ಬಣ್ಣದ ಟೀ ಶರ್ಟು ಸಿಕ್ಕಿತು. ಹೊಟ್ಟೆಯ ಮೇಲೆ ಅದು ತುಂಬಿದ ದಿಂಬಿನ ಗವಸಿನಂತೆ ಬಿಗಿದು ಕೂತಿತು. ಅಂಬಾದಾಸ ಎದುರು ನಿಂತು ನೋಡಿ, ಹತ್ತು ವರ್ಷ ಕಡಿಮೆಯಾಯಿತು ಎಂದು ಸರ್ಟಿಫಿಕೇಟು ಕೊಟ್ಟ. ಬೆನ್ನ ಕಡೆ ಅವನೂ ನೋಡಲಿಲ್ಲ, ಇವರೂ ನೋಡಲಿಲ್ಲ.

ಮೇಡಮ್ ಹೇಳಿದಂತೆ 'ಅವರ ಸಂಗಡ ಕೂಡಲು' ಬಸವಪ್ರಭು ನೇರವಾಗಿ ಕ್ಯಾಂಟೀನಿಗೆ ನಡೆದರು. ಒಂದು ಮೇಜಿನ ಸುತ್ತ ಹುಡುಗರು ಚಹಾ ಕುಡಿಯುತ್ತ ಹರಟುತ್ತಿದ್ದರು. ಇವರು ಕುರ್ಚಿ ಎಳೆದು ಕೂತು, ಬಾರದ ನಗೆಯನ್ನು ತಂದುಕೊಂಡು, "ಕಾಯ್ ಯಾರ್, ಕಸಂ ಚಾಲ್ಲಂಯ್?" ಏನೋ ಗೆಳೆಯಾ, ಹೇಗೆ ನಡೆದಿದೆ ಎಂದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬನಿಗೆ ಒಮ್ಮೆಲೇ ಬಸ್ಸಿನ ನೆನಪಾಯಿತು, ಇನ್ನೊಬ್ಬನಿಗೆ ಕೆಮ್ಮು ಬಂತು. ಕಣ್ಣು ಮಿಟುಕಿಸುವುದರೊಳಗೆ ಮೇಜಿನ ಬಳಿ ಉಳಿದದ್ದು ಬಸವಪ್ರಭು ಮತ್ತು ಅರ್ಧ ಕುಡಿದ ಚಹಾದ ಗ್ಲಾಸುಗಳು.

ಇದನ್ನೆಲ್ಲ ನೋಡಿದ ಇಂದೂ ಮೇಡಮ್ಮಿಗೆ ಕನಿಕರ ಬಂತು. "ಸರ್, ಇವ್ರಿಗೆ ಎದುರಿಗೆ ಕೂತು ಮಾತಾಡೋದು ಇಷ್ಟ ಆಗಲ್ಲ. ಕ್ಲಾಸಲ್ಲಿ ನಿಮ್ಮ ಮೊಬೈಲ್ ನಂಬರ್ ಕೊಟ್ಬಿಡಿ. ಡೌಟ್ ಇದ್ರೆ ಮಿಸ್ಡ್ ಕಾಲ್ ಕೊಡಿ ಅಂತ ಹೇಳಿ. ಫುಲ್ ಖುಷಿ ಆಗ್ತಾರೆ."

ಬಸವಪ್ರಭು ಕ್ಲಾಸಿಗೆ ಹೋಗಿ ಕರಿಹಲಗೆಯ ಮೇಲೆ ದೊಡ್ಡದಾಗಿ ತಮ್ಮ ನಂಬರು ಬರೆದರು. ಬರೆಯಲು ಬೆನ್ನು ತಿರುಗಿಸಿದ್ದೇ ತಡ, ಹಿಂದೆ ಕಿಸಿಕಿಸಿ ಶುರುವಾಯಿತು. ಹುಡುಗರು ನಗುತ್ತಿದ್ದಾರೆ ಎಂದರೆ ಸ್ನೇಹ ಬೆಳೆಯುತ್ತಿದೆ ಎಂದುಕೊಂಡು ಇವರೂ ನಕ್ಕರು. ಆಗ ಫೋನು ರಿಂಗಾಯಿತು. ಎತ್ತುವಷ್ಟರಲ್ಲಿ ನಿಂತಿತು. "ಯಾರದು ಡೌಟು?" ಎಂದರು. ಯಾರದೂ ಇಲ್ಲ. ಸಹಕಾರಿ ಸಂಘದ ತತ್ವಗಳನ್ನು ಶುರುಮಾಡಿದರು, ಮತ್ತೆ ರಿಂಗಾಯಿತು. ನಂಬರು ಅಷ್ಟರಲ್ಲಿ ಕ್ಲಾಸಿನ ಗೋಡೆ ಹಾರಿ ಕಾಲೇಜೆಲ್ಲ ಹಬ್ಬಿತ್ತು. ಪ್ಯಾಂಟಿನ ಕಿಸೆಯಲ್ಲಿ ಫೋನು ಕಪ್ಪೆಯಂತೆ ಒದ್ದಾಡುತ್ತಲೇ ಇತ್ತು.

ಮುಂದಿನ ಬೆಂಚಿನ ಆರತಿ ಎದ್ದು ನಿಂತಳು. ಚೂಟಿ ಹುಡುಗಿ, ಮುಖದಲ್ಲಿ ಮಾತ್ರ ಭಾರೀ ವಿನಯ. "ಸರ್, ತುಮ್ಹೀ ಕಬಡ್ಡಿ ಖೇಳಾಯ್ಚಾ ಕಾ?"

ಕಬಡ್ಡಿ ಆಡುತ್ತಿದ್ದಿರಾ ಎಂದು ಒಬ್ಬ ವಿದ್ಯಾರ್ಥಿನಿ ತಾನಾಗಿ ಕೇಳುವುದೆಂದರೆ! ಬಸವಪ್ರಭು ಉಬ್ಬಿಹೋದರು. "ಹೋ, ಖೂಪ್! ಲಹಾನಪಣೀ," ಸಣ್ಣವನಿದ್ದಾಗ ಬಹಳ ಆಡಿದ್ದೇನೆ ಎಂದರು.

"ಮುಲೀಂಚ್ಯಾ ಟೀಮ್‌ಮಧ್ಯೆ?" ಹುಡುಗಿಯರ ಟೀಮಿನಲ್ಲೇ?

ಕೋಣೆ ಹಾರಿಹೋಗುವಂತೆ ನಗು ಎದ್ದಿತು. ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ 'ಮಹಿಳಾ ಕಬಡ್ಡಿ ಸಂಘ' ಎಂದು ಬರೆದಿತ್ತು. ಆ ತಾಸು ಮುಗಿಯುವಷ್ಟರಲ್ಲಿ ಇನ್ನೂ ನಾಲ್ವರು ಕಂಪ್ಯೂಟರಿಗೆ ಹೆಸರು ಕೊಟ್ಟರು. ಅವರಲ್ಲಿ ಆರತಿಯೂ ಒಬ್ಬಳು.

ಮಧ್ಯಾಹ್ನ ಬಸವಪ್ರಭು ಮತ್ತೆ ಸಫಾರಿ ತೊಟ್ಟು, ಕಾಲೇಜಿನ ಹಿಂದಿನ ಬೇವಿನ ಮರದ ಕಟ್ಟೆಗೆ ಹೋಗಿ ಕೂತರು. ಅವಮಾನಕ್ಕಿಂತ ಹೆಚ್ಚಾಗಿ ಅವರಿಗೆ ಗಲಿಬಿಲಿ. ಗೆಳೆಯನಂತೆ ಹೋದರೆ ಓಡುತ್ತಾರೆ, ನಂಬರು ಕೊಟ್ಟರೆ ಕಾಡುತ್ತಾರೆ. ಇವರಿಗೆ ಬೇಕಾದದ್ದಾದರೂ ಏನು? ನಿಟ್ಟುಸಿರು ಬಿಟ್ಟು ಡಬ್ಬಿ ಬಿಚ್ಚಿದರು. ಕಟಕಟ ಎನ್ನುವ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ಗಟ್ಟಿ ಮೊಸರು. ಪಕ್ಕದ ಮೆಟ್ಟಿಲ ಮೇಲೆ ಆರತಿ ಮತ್ತು ಅವಳ ಇಬ್ಬರು ಗೆಳತಿಯರು ಕೂತಿದ್ದರು.

"ಯಾ, ಜೇವಾಯ್ಲಾ ಯಾ," ಎಂದರು ಬಸವಪ್ರಭು.

ಇದು ಅವರು ಬೇಕೆಂದು ಆಡಿದ ಮಾತಲ್ಲ. ಅವರ ಕಡೆ ನಾಲ್ಕು ಜನರೆದುರು ಡಬ್ಬಿ ಬಿಚ್ಚಿದವರು 'ಊಟಕ್ಕ ಬರ್ರಿ' ಎನ್ನಲೇಬೇಕು. ಕರೆಸಿಕೊಂಡವರು 'ಆಗೇದ್ರಿ, ನೀವು ಮಾಡ್ರಿ' ಎನ್ನಬೇಕು. ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ಹಾಗೇ ಅನ್ನಬೇಕು. ಹುಟ್ಟಿದಾಗಿನಿಂದ ಬಸವಪ್ರಭು ಸಾವಿರಾರು ಜನರನ್ನು ಊಟಕ್ಕೆ ಕರೆದಿದ್ದರು, ಒಬ್ಬರೂ ಬಂದಿರಲಿಲ್ಲ.

ಆರತಿ ಎದ್ದು ಬಂದಳು. ಹಿಂದೆ ಗೆಳತಿಯರೂ ಬಂದರು. ಬಂದವರು ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಡಬ್ಬಿಗೆ ಕೈ ಹಾಕಿಯೇಬಿಟ್ಟರು! ಬಸವಪ್ರಭು ಕೈಯಲ್ಲಿ ಹಿಡಿದ ತುತ್ತು ಅಲ್ಲೇ ನಿಂತಿತು. ಈ ಮಕ್ಕಳಿಗೆ 'ಆಗೇದ್ರಿ' ಎನ್ನುವುದನ್ನು ಯಾರೂ ಕಲಿಸಿಲ್ಲವೇ?

"ಸರ್, ಏಕದಮ್ ಭಾರಿ!" ಎಂದಳು ಆರತಿ, ಬಾಯಿ ತುಂಬ ಎಣ್ಣೆಗಾಯಿ ಇಟ್ಟುಕೊಂಡು. ಕೊಂಢವಾದಲ್ಲಿ ಅವಳು ದುಡ್ಡು ಕೊಟ್ಟು ಉಳಿದುಕೊಂಡ ಮನೆಯಲ್ಲಿ ದಿನಾ ಬಟಾಟೆ ಪಲ್ಯವಂತೆ. ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ಬಂತು. ಅದು ಹಿಂಡಿಯ ಖಾರಕ್ಕೋ ಮನೆಯ ನೆನಪಿಗೋ ಬಸವಪ್ರಭುಗಳಿಗೆ ಗೊತ್ತಾಗಲಿಲ್ಲ. ಪಾಪ ಎನಿಸಿ ಉಳಿದ ರೊಟ್ಟಿಯನ್ನೂ ಕೊಟ್ಟರು. ಅಷ್ಟರಲ್ಲಿ ವಾಸನೆ ಹಿಡಿದು ಇನ್ನಷ್ಟು ಹುಡುಗರು ಬಂದು ನಿಂತರು. ನಿಂತವರನ್ನು ಕರೆಯದೆ ಇರುವುದು ಹೇಗೆ? ಕರೆದರು. ಅವರೂ ಬಂದರು. ಬಸವಪ್ರಭು ಕಂಗಾಲಾಗಿ ಮನೆಗೆ ಫೋನು ಹಚ್ಚಿದರು.

"ಮನ್ಯಾಗ ರೊಟ್ಟಿ ಅದಾವೇನ?"

"ಯಾಕ್ರಿ? ಡಬ್ಬಿ ಚೆಲ್ಲಿದ್ರೇನು?" ಎಂದಳು ನೀತಾ.

"ಇಲ್ಲ, ಹುಡುಗೂರು ಊಟಕ್ಕ ಬಂದಾರ."

"ನೀವು ಕರದ್ರೇನು?"

"ಕರದೆ."

"ಕರದ ಕೂಡಲೇ ಬಂದ್ರೇನು?"

"ಬಂದ್ರು."

"ಎಂಥಾ ಮಂದೀರಿ!" ಎಂದು ನೀತಾ ಫೋನಿಟ್ಟಳು.

ಅರ್ಧ ತಾಸಿನಲ್ಲಿ ರಿಕ್ಷಾ ಬಂತು. ಹಿಂದಿನ ಸೀಟಿನಲ್ಲಿ ನೀತಾ, ಅವಳ ಮಡಿಲಲ್ಲಿ ಎಣ್ಣೆಗಾಯಿಯ ಪಾತೇಲಿ, ಕಾಲ ಬಳಿ ರೊಟ್ಟಿ ಬುಟ್ಟಿ. ಆಮೇಲೆ ಆ ಕಟ್ಟೆಯ ಮೇಲೆ ಮದುವೆ ಮನೆಯ ಪಂಕ್ತಿಯೇ ನಡೆಯಿತು. 'ಕಾಕೂ, ಥೋಡಂ ಅಜೂನ್' ಎಂದು ಇನ್ನಷ್ಟು ಕೇಳುವವರು, 'ಕಾಕೂ, ಹೇ ಕಸಂ ಕರ್ತಾತ್' ಎಂದು ಮಾಡುವ ರೀತಿ ಕೇಳುವವರು. ನೀತಾ ಮೊದಲು ಹುಬ್ಬು ಗಂಟಿಕ್ಕಿಕೊಂಡೇ ಬಡಿಸಿದಳು. ಬರಬರುತ್ತ ಅವಳ ಮುಖ ಅರಳಿತು. ಇಂದೂ ಮೇಡಮ್ಮೂ ಕೈಯಲ್ಲಿ ತಟ್ಟೆ ಹಿಡಿದು ಬಂದು, "ಸರ್, ಎಣ್ಗಾಯಿ ಸೂಪರ್! ಲ್ಯಾಬಲ್ಲಿ ಒಬ್ರೂ ಇಲ್ಲ, ಎಲ್ಲಿ ಹೋದ್ರು ಅಂತ ನೋಡೋಕ್ ಬಂದೆ," ಎಂದರು.

ಆರತಿ ಬಾಯಿ ಒರೆಸಿಕೊಂಡು, ಸಹಕಾರ ತೆಗೆದುಕೊಂಡರೆ ದಿನಾ ಡಬ್ಬಿ ಉಂಟೋ ಎಂದು ಮರಾಠಿಯಲ್ಲಿ ಕೇಳಿದಳು. ಬಸವಪ್ರಭು ಯಾವುದಕ್ಕೆ ತಲೆಯಾಡಿಸುತ್ತಿದ್ದೇನೆ ಎಂದು ತಿಳಿಯದೆ ತಲೆಯಾಡಿಸಿದರು. ಮರುಕ್ಷಣ ಹುಡುಗರೆಲ್ಲ ಆಫೀಸಿನ ಕಡೆ ಓಡಿದರು. ತಡವಾಗಿ ಬಂದು ಬರೀ ವಾಸನೆ ಕುಡಿದವರು ಎಲ್ಲರಿಗಿಂತ ಮುಂದೆ ಓಡಿದರು.

ಸಂಜೆ ಐದಕ್ಕೆ ಕೃಷ್ಣಾಬಾಯಿಯವರು ಗಂಡಹೆಂಡಿರಿಬ್ಬರನ್ನೂ ಒಳಗೆ ಕರೆದರು. ಅವರ ಮೇಜಿನ ಮೇಲೂ ಒಂದು ಬಟ್ಟಲು ಹಿಂಡಿ ಇತ್ತು.

"ಅರವತ್ತು ಮಂದಿ, ಸರ್! ಗಡುವು ಮುಗೀತು, ಇನ್ನ ಈ ವರ್ಷ ಯಾರೂ ಬದಲಿ ಮಾಡಾಂಗಿಲ್ಲ. ನಿಮ್ಮ ಟ್ರಾನ್ಸ್‌ಫರ್ ಕ್ಯಾನ್ಸಲ್. ಖಡಕೀನ ನಿಮಗ ಕಾಯಂ."

ಬಸವಪ್ರಭು ಹಿಗ್ಗಿ ಹೀರೇಕಾಯಿಯಾದರು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ದಿನ ಬಂದಿರಲಿಲ್ಲ. "ನಡಿ, ಮನೀಗೆ ಹೋಗೋಣು," ಎಂದು ಹೆಂಡತಿಯ ಕಡೆ ತಿರುಗಿದರು.

"ತಡೀರಿ," ಎಂದರು ಮೇಡಮ್. "ಲೋಣಾವಳಾದ ಹಾಸ್ಟೆಲಿನ್ಯಾಗ ಹುಡುಗೂರು ಯಾಕ ನಿಲ್ಲವಲ್ರು ಅಂತ ನನಗ ಇವತ್ತ ತಿಳೀತು. ನೀತಾಬಾಯಿ, ಅಲ್ಲಿ ಮೆಸ್ಸು ನೀವು ನೋಡ್ಕೊಳ್ರಿ. ಇರಾಕ ರೂಮು ಕೊಡ್ತೀನಿ, ಪಗಾರ ಕೊಡ್ತೀನಿ. ಏನಂತೀರಿ?"

ಬಸವಪ್ರಭು ಮುಗುಳ್ನಕ್ಕರು. ಮೇಡಮ್ಮಿಗೆ ನೀತಾ ಗೊತ್ತಿಲ್ಲ, ಪಾಪ.

"ಸೋಮವಾರ ಬರ್ತೀನ್ರಿ ಬಾಯಾರ," ಎಂದಳು ನೀತಾ.

"ಅಲ್ಲ, ಅಲ್ಲಿ ಮಳಿ..." ಬಸವಪ್ರಭು ತೊದಲಿದರು.

"ಮಳಿ ಬಂದ್ರ ಕೊಡಿ ಹಿಡೀತೀನಿ."

"ಮತ್ತ ನನ್ನ ಊಟ?"

ನೀತಾ ಅವರ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಬಸವಪ್ರಭುಗಳಿಗೆ ಹೆಚ್ಚು ಹೆದರಿಕೆ ತಂದಿತು. "ಲಗ್ನ ಆದಾಗಿಂದ ಮಾಡಿ ಹಾಕೇನ್ರಿ. ಉಪ್ಪು ಹೆಚ್ಚಾದ ದಿನಾ ಬಿಟ್ರ ಒಮ್ಮೆರ ಬಾಯಿ ತಗದೀರೇನು? ಆ ಹುಡುಗಿ ಒಂದ ತುತ್ತಿಗೆ ಭಾರಿ ಅಂದ್ಳು. ನನಗ ಭಾಳ ಚಲೋ ಅನಿಸ್ತು."

ಬಸವಪ್ರಭುಗಳಿಗೆ ಹೊಸ ತಲೆಮಾರು ಹಾಗಿರಲಿ, ತಮ್ಮ ತಲೆಮಾರೇ ತಿಳಿಯದಂತಾಯಿತು. ನಾಚಿಕೆಯೂ ದುಃಖವೂ ಒಟ್ಟಿಗೇ ಉಕ್ಕಿ ಬಂದು, ಕೈ ಮುಗಿದು ನಿಂತರು.

"ಮೇಡಮ್, ಹಂಗಿದ್ರ ನನ್ನೂ ಲೋಣಾವಳಾಕ್ಕ ಕಳಸ್ರಿ. ಹಾಸ್ಟೆಲ್ ನೋಡ್ಕೋತೀನಿ, ಗೇಟ್ ಕಾಯ್ತೀನಿ, ಏನ ಹೇಳಿದ್ರೂ ಮಾಡ್ತೀನಿ."

"ಮುಂಜಾನೆ ಕೇಳಿದ್ರ ಕಳಿಸೇಬಿಡ್ತಿದ್ನಲ್ರಿ ಸರ್!" ಎಂದರು ಕೃಷ್ಣಾಬಾಯಿ, ಹಿಂಡಿಯಲ್ಲಿ ಬೆರಳು ಅದ್ದಿ ನೆಕ್ಕುತ್ತ. "ಈಗ ಅರವತ್ತು ಹುಡುಗೂರಿಗೆ ಯಾರು ಕಲಸ್ಬೇಕು? ಹೊಸ ತಲೆಮಾರು ಇಷ್ಟು ಚಲೋ ತಿಳ್ಕೊಂಡ ಮನಷ್ಯಾನ್ನ ನಾ ಬಿಡಂಗಿಲ್ಲ."

ನೀತಾ ಮೆಸ್ಸಿನ ಒಲೆ ಎಷ್ಟು, ಪಾತ್ರೆ ಎಷ್ಟು ಎಂದು ವಿಚಾರಿಸತೊಡಗಿದಳು. ಬಸವಪ್ರಭು ಕಾಲೆಳೆಯುತ್ತ ಹೊರಗೆ ಬಂದರು. ಬಾಗಿಲ ಬಳಿ ಆರತಿ ಕಾಯುತ್ತಿದ್ದಳು. ಅವಳ ಹಿಂದೆ ಮೆಟ್ಟಿಲ ತುಂಬ ಸಹಕಾರದ ಹೊಸ ವಿದ್ಯಾರ್ಥಿಗಳು ಕಿವಿ ನಿಗುರಿಸಿ ನಿಂತಿದ್ದರು.

"ಸರ್," ಎಂದಳು ಅವಳು ತುಂಬ ಪ್ರೀತಿಯಿಂದ, "ಸೋಮವಾರೀ ಡಬ್ಯಾತ್ ಕಾಯ್ ಆಣಣಾರ್?"

ಸೋಮವಾರ ಡಬ್ಬಿಯಲ್ಲಿ ಏನು ತರುತ್ತೀರಿ ಎಂದು ಕೇಳುತ್ತಿದ್ದಳು.