ಯೋಸೇಫನ ಚೀಟಿ, ಯೂಸುಫನ ರಜೆ

ತಪ್ಪೇ ಮಾಡದ ಗಂಡಸಿನ ಜೊತೆ ಸಂಸಾರ ಮಾಡುವುದು ಕಷ್ಟ ಎಂದು ನನ್ನ ಹೆಂಡತಿ ಮದುವೆಯಾದ ಮೂರನೆಯ ತಿಂಗಳಿನಿಂದ ಹೇಳುತ್ತ ಬಂದಿದ್ದಾಳೆ. ಬಹಳ ಕಾಲ ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಹಾಸ್ಟೆಲ್ಲಿನಲ್ಲಿ ವಾರ್ಡನ್ನರು ಗಂಟೆ ಹೊಡೆದು ಬೆಳೆಸಿದವನು ನಾನು. ಗಂಟೆ ನಿಂತು ಎಷ್ಟೋ ವರ್ಷವಾಯಿತು, ನನ್ನ ಕಿವಿಯಲ್ಲಿ ಇನ್ನೂ ನಿಂತಿಲ್ಲ. ಐದಕ್ಕೆ ಏಳುತ್ತೇನೆ, ಚಪ್ಪಲಿಯನ್ನು ಬೀದಿಗೆ ಮುಖ ಮಾಡಿ ಬಿಡುತ್ತೇನೆ, ಓದಿದ ಪತ್ರಿಕೆಯನ್ನು ಯಾರೂ ಓದಿಲ್ಲವೆಂಬಂತೆ ಮಡಿಸಿಡುತ್ತೇನೆ. ಇಂಥವನಿಗೆ ಪೀಣ್ಯದ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಹಾಜರಿ, ರಜೆಗಳ ಉಸ್ತುವಾರಿ ಸಿಕ್ಕಿದ್ದು ಮೀನಿಗೆ ಕೆರೆ ಸಿಕ್ಕಂತೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗಲೂ ನನ್ನ ಹಾಜರಿ ಪುಸ್ತಕದಲ್ಲಿ ಒಂದು ಚಿತ್ತೂ ಇರಲಿಲ್ಲ.

ಅದೇ ಕಾಲಕ್ಕೆ ನಮ್ಮಲ್ಲಿ ಲೇತಿನ ಮೇಲೆ ಯೋಸೇಫ, ಪಕ್ಕದ ಗ್ರೈಂಡಿಂಗ್ ಯಂತ್ರದ ಮೇಲೆ ಯೂಸುಫ್ ಎಂಬ ಇಬ್ಬರಿದ್ದರು. ಯೋಸೇಫ ತುಮಕೂರು ಕಡೆಯ ಕ್ರೈಸ್ತ. ಯೂಸುಫ್ ಕಲಬುರಗಿ ಕಡೆಯವನು, ಹೆಂಡತಿಯನ್ನು ಚೊಚ್ಚಲ ಹೆರಿಗೆಗೆಂದು ಊರಿಗೆ ಕಳಿಸಿ ಕಾರ್ಖಾನೆಯ ಹಿಂದಿನ ಬೀದಿಯ ಒಂದು ಬಾಡಿಗೆ ಕೋಣೆಯಲ್ಲಿದ್ದ. ಹನ್ನೆರಡೂವರೆಗೆ ಸರಿಯಾಗಿ ನಾನು ಊಟದ ಡಬ್ಬಿ ತೆರೆಯುತ್ತಿದ್ದೆ. ಎದುರು ಬೆಂಚಿನಲ್ಲಿ ಅವರಿಬ್ಬರೂ ಕೂತು ಪ್ರವಾದಿಗಳ ವಿಷಯಕ್ಕೆ ಜಗಳವಾಡುತ್ತಿದ್ದರು. ಹೆಸರುಗಳೆಲ್ಲ ಹೆಚ್ಚು ಕಡಿಮೆ ಒಂದೇ. ಯೋಸೇಫನ ಅಬ್ರಹಾಮ ಯೂಸುಫನಿಗೆ ಇಬ್ರಾಹೀಂ, ಅವನ ಗಬ್ರಿಯೇಲ ಇವನಿಗೆ ಜಿಬ್ರೀಲ್. ಒಬ್ಬನೇ ನೌಕರನಿಗೆ ಎರಡು ಸರ್ವಿಸ್ ರಿಜಿಸ್ಟರು ಇದ್ದಂತೆ ನನಗೆ ಕಾಣುತ್ತಿತ್ತು. ಒಂದು ಪುಸ್ತಕದಲ್ಲಿರುವುದು ಇನ್ನೊಂದರಲ್ಲಿ ಇಲ್ಲ.

"ದಾವೀದ ರಾಜ ಬೇರೆಯವನ ಹೆಂಡ್ತಿ ಮೇಲೆ ಕಣ್ಣು ಹಾಕ್ದ ಅಂತ ಪಾದ್ರಿಗಳು ಭಾನುವಾರ ಹೇಳಿದ್ರು ಕಣೋ" ಎಂದ ಯೋಸೇಫ ಒಂದು ದಿನ.

ಯೂಸುಫನ ಕೈಯಲ್ಲಿದ್ದ ರೊಟ್ಟಿ ಬಾಯಿಯ ಹತ್ತಿರವೇ ನಿಂತಿತು. "ತೋಬಾ ತೋಬಾ! ದಾವೂದ್ ನಬಿ ಬಗ್ಗೆ ಹಂಗ ಅನಬ್ಯಾಡೋ ಮಾರಾಯ. ಪೈಗಂಬರ್ರು ಅಂಥಾ ಪಾಪ ಮಾಡಂಗಿಲ್ಲ."

"ನಿಮ್ಮಲ್ಲಿ ಮಾಡಲ್ಲ, ನಮ್ಮಲ್ಲಿ ಮಾಡ್ದ. ಮಾಡಿ ಅತ್ತ, ದೇವ್ರು ಕ್ಷಮಿಸ್ದ. ತಪ್ಪೇ ಮಾಡ್ದೇ ಇದ್ರೆ ಕ್ಷಮಿಸೋದೇನನ್ನ?"

ಇನ್ನೊಂದು ದಿನ ಸೈತಾನನ ವಿಚಾರ ಬಂತು. ಅವನು ಮೊದಲು ದೇವದೂತನೇ ಆಗಿದ್ದ, ಸೊಕ್ಕು ಬಂದು ಕೆಳಗೆ ಬಿದ್ದ ಎಂದು ಯೋಸೇಫ. "ಫರಿಷ್ತಾಗೋಳಿಗೆ ಸೊಕ್ಕು ಹೆಂಗ ಬರ್ತದೋ? ಬೆಳಕಿಲೆ ಮಾಡಿದ್ದು ಅವ್ರನ್ನ. ಹೇಳಿದ್ದಷ್ಟು ಮಾಡ್ತಾರ, ಮುಗೀತು. ಸೈತಾನ ಜಿನ್ನು, ಬೆಂಕಿಲೆ ಮಾಡಿದ್ದು" ಎಂದು ಯೂಸುಫ್. ನಾನು ಇದನ್ನು ನಮ್ಮ ಭಾಷೆಗೆ ತಂದುಕೊಂಡೆ: ಒಬ್ಬನ ಪ್ರಕಾರ ಸೈತಾನ ಕೆಲಸದಿಂದ ವಜಾ ಆದ ಖಾಯಂ ನೌಕರ, ಇನ್ನೊಬ್ಬನ ಪ್ರಕಾರ ಖಾಯಂ ನೌಕರರ ನಡುವೆ ಕೂತಿದ್ದ ಗುತ್ತಿಗೆಯವನು, ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ.

ಯೇಸುವಿನ ಮಾತು ಬಂದಾಗ ಮಾತ್ರ ಇಬ್ಬರೂ ದನಿ ತಗ್ಗಿಸುತ್ತಿದ್ದರು. "ಈಸಾ ನಬಿ ನಮಗ ಭಾಳ ದೊಡ್ಡ ಪೈಗಂಬರ್ರು. ಅವರ ತಾಯಿ ಮರಿಯಮ್ಮಾರ ಹೆಸರ್ಲೆ ಕುರಾನ್‌ದಾಗ ಒಂದ್ ಅಧ್ಯಾಯನ ಅದ."

"ಪೈಗಂಬರ್ ಅಂತ ಅಲ್ಲಿಗೇ ನಿಲ್ಲಿಸ್ತೀಯಲ್ಲ. ನಮ್ಗೆ ಅವ್ರು ದೇವ್ರ ಮಗ."

"ಅಲ್ಲಾಗ ಮಕ್ಕಳಿಲ್ಲೋ."

"ಗೊತ್ತು ಕಣೋ. ಉಪ್ಪಿನಕಾಯಿ ಇತ್ತ ತಳ್ಳು."

ಮತಾಂತರದ ಯೋಚನೆ ನನಗೆ ಎಂದೂ ಬಂದಿಲ್ಲ. ಆದರೆ ಯೂಸುಫನ ಫರಿಷ್ತೆಗಳ ಮೇಲೆ ನನಗೆ ಒಳಗೊಳಗೇ ಮೋಹ ಹುಟ್ಟಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಊಟವಿಲ್ಲ, ನಿದ್ದೆಯಿಲ್ಲ, ಎದುರುಮಾತಿಲ್ಲ, ತಡವಾಗಿ ಬರುವುದಿಲ್ಲ. ಸಾಲದೆಂಬಂತೆ ಪ್ರತಿಯೊಬ್ಬ ಮನುಷ್ಯನ ಎಡಬಲಕ್ಕೆ ಇಬ್ಬರು ಫರಿಷ್ತೆಗಳು ಕೂತು ಮಾಡಿದ್ದೆಲ್ಲವನ್ನೂ ಬರೆದಿಡುತ್ತಾರಂತೆ. ಅಂದರೆ ಟೈಮ್ ಆಫೀಸು! ಮನೆಗೆ ಬಂದು ಇದನ್ನು ಉತ್ಸಾಹದಿಂದ ಬಣ್ಣಿಸಿದಾಗ ನನ್ನ ಹೆಂಡತಿ ಒಗ್ಗರಣೆಯಿಂದ ತಲೆ ಎತ್ತದೆ, "ಊಟ ಮಾಡದವರಾ? ಅವರ ಜೊತೆ ಇರೋರು ಪುಣ್ಯ ಮಾಡಿದ್ದಾರೆ" ಎಂದಳು.

ಹೀಗಿರುವಾಗ ಇಬ್ಬರೂ ಒಂದೇ ವಾರಕ್ಕೆ ರಜೆ ಕೇಳಿದರು. ಯೋಸೇಫನಿಗೆ ಸರ್ಜಾಪುರದಲ್ಲಿ ಮೂರು ದಿನದ ಪ್ರಾರ್ಥನಾ ಕೂಟ, ಅಲ್ಲಿ ಅವನು ಹಾಡಬೇಕು. ಯೂಸುಫನ ಹೆಂಡತಿಗೆ ದಿನ ತುಂಬಿತ್ತು. ರಕ್ತದೊತ್ತಡ ಹೆಚ್ಚಿದೆ, ಗಂಡ ಹತ್ತಿರವಿರಲಿ ಎಂದು ಡಾಕ್ಟರು ಹೇಳಿದ್ದರಂತೆ. ಅವನು ಶನಿವಾರ ಸಂಜೆಯ ರೈಲಿಗೆ ಹೊರಡಲೇಬೇಕಿತ್ತು. ಮ್ಯಾನೇಜರು ಯೂಸುಫನ ಅರ್ಜಿಗೆ ಟಿಕ್ ಹಾಕಿ, ಯೋಸೇಫನದನ್ನು ಹಾಗೆಯೇ ಬಿಟ್ಟು ನನಗೆ ಕಳಿಸಿದರು. ಮಾಡಬೇಕಾದದ್ದು ಇಷ್ಟೇ: ನೀಲಿ ಚೀಟಿಯ ಮೇಲೆ ಒಂದು ಹೆಸರು ಬರೆದು, ಅವರವರು ಬಂದು ಎತ್ತಿಕೊಳ್ಳುವ ಗೂಡಿನಲ್ಲಿ ಇಡುವುದು. ಚೀಟಿ ಇಲ್ಲದೆ ಪಾಳಿ ಮುಗಿಯುವ ಮೊದಲು ಗೇಟಿನವನು ಹೊರಗೆ ಬಿಡುವುದಿಲ್ಲ. ಚೀಟಿ ಇಲ್ಲದೆ ವಾರಗಟ್ಟಲೆ ಬಾರದಿದ್ದವನ ಹೆಸರು ಪಟ್ಟಿಯಿಂದ ಹೋಗುತ್ತದೆ.

ಆ ಶನಿವಾರ ಊಟದ ಹೊತ್ತಿನಲ್ಲಿ ಅಪರೂಪಕ್ಕೆ ಜಗಳವಿರಲಿಲ್ಲ. ಅಣ್ಣಂದಿರು ಬಾವಿಗೆ ತಳ್ಳಿದ ಯೋಸೇಫನ ಕಥೆ ನಡೆದಿತ್ತು. ಯೂಸುಫನಲ್ಲೂ ಅದೇ ಬಾವಿ, ಅದೇ ಅಣ್ಣಂದಿರು, ಅದೇ ಸೆರೆಮನೆ. "ನಮ್ಮಿಬ್ಬರದೂ ಒಂದೇ ಹೆಸರು ನೋಡು" ಎಂದು ಇಬ್ಬರೂ ನಗುತ್ತಿದ್ದರು. ಅದನ್ನೇ ತಲೆಯಲ್ಲಿಟ್ಟುಕೊಂಡು ಹೋಗಿ ಕೂತವನು ನನ್ನ ದುಂಡಾದ ಅಕ್ಷರಗಳಲ್ಲಿ ಯೋಸೇಫ ಎಂದು ಬರೆದೆ. ಗೂಡಿನಲ್ಲಿ ಇಟ್ಟೆ. ಐದಕ್ಕೆ ಸರಿಯಾಗಿ ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಸುತ್ತು ಹಾಕುವಾಗ ಲೇತಿನ ಮುಂದೆ ಯೋಸೇಫ ನಿಂತಿದ್ದ.

"ನೀನು ರಜೆಯಲ್ಲವೇನಯ್ಯಾ?"

"ರಜಾ ಯೂಸುಫಂದಲ್ವಾ ಸಾರ್? ಚೀಟಿ ಮಾತ್ರ ನಂದು."

ಟಿಕ್ ಇದ್ದದ್ದು ಯೂಸುಫನ ಅರ್ಜಿಗೆ, ನಾನು ಬರೆದದ್ದು ಇವನ ಹೆಸರನ್ನು. ಚೀಟಿ ಇವನ ಹೆಸರಿನಲ್ಲಿದ್ದರೆ ಅವನು ಎಲ್ಲಿ? ಕೋಣೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾನೆಯೇ? ಅಲ್ಲಿ ಹೆಂಡತಿಗೆ ಏನಾಯಿತು?

"ಯೂಸುಫ್ ಎಲ್ಲಪ್ಪಾ?" ಎಂದೆ.

"ಊರಲ್ಲಿ. ಅವತ್ತೇ ನನ್ನ ಚೀಟಿ ಅವನ ಕೈಗೆ ಕೊಟ್ಟೆ. ಗೇಟ್‌ನೋನಿಗೆ ಕನ್ನಡ ಎಲ್ಲಿ ಬರುತ್ತೆ? ನೀಲಿ ಬಣ್ಣ ನೋಡ್ದ, ಸಲ್ಯೂಟ್ ಹೊಡ್ದು ಬಿಟ್ಟ."

ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತೆ. ಕೆಲಸದ ವೇಳೆಯಲ್ಲಿ ಯಂತ್ರಗಳ ನಡುವೆ ನಾನು ಕೂತದ್ದು ಅದೇ ಮೊದಲು. ನನ್ನ ತಪ್ಪು ಗೊತ್ತಾದ ಕೂಡಲೇ ಬಂದು ಹೇಳಬಾರದಿತ್ತೇ ಎಂದು ಕೇಳಿದೆ.

"ನಾನು ಹೇಳೋಣ ಅಂದೆ ಸಾರ್. ಅವ್ನು ಬಿಡ್ಲಿಲ್ಲ. ಸಾಹೇಬ್ರು ಫರಿಷ್ತಾ ಇದ್ದಂಗ, ತಪ್ಪು ಮಾಡಂಗಿಲ್ಲ, ಮ್ಯಾಲಿಂದನೇ ಆರ್ಡರ್ ಬಂದಿರ್ತದ ಅಂತ ಕಣ್ಣೊರಸ್ಕೊಂಡು ಕೂತ್ಬಿಟ್ಟ. ನಾನೇ ಬೈದು ಗೇಟಿನ ತನಕ ತಳ್ಕೊಂಡ್ ಹೋದೆ."

ಇಷ್ಟು ವರ್ಷ ನಾನು ಗಳಿಸಿದ್ದ ಕೀರ್ತಿ ಇದು. ನನ್ನದೊಂದು ಅಕ್ಷರದ ತಪ್ಪನ್ನು ತೋರಿಸುವುದಕ್ಕಿಂತ ಹೆರಿಗೆಗೆ ಹೋಗದಿರುವುದೇ ಸುಲಭ ಎಂದು ಒಬ್ಬ ಮನುಷ್ಯನಿಗೆ ಅನ್ನಿಸಿತ್ತು. "ಮತ್ತೆ ನಿನ್ನ ಹಾಡು?" ಎಂದೆ. "ನಾನಿಲ್ದಿದ್ರೇನೇ ಹಾಡು ಶ್ರುತೀಲಿ ಬರುತ್ತೆ ಅಂತ ಮನೆಯವಳು ಅಂದ್ಲು ಸಾರ್" ಎಂದು ಯೋಸೇಫ ಲೇತಿಗೆ ಎಣ್ಣೆ ಬಿಟ್ಟ.

ಅವನ ಮೊಬೈಲಿನಿಂದಲೇ ಫೋನು ಮಾಡಿದೆವು. ಯೂಸುಫ್ ಭಾನುವಾರ ಬೆಳಿಗ್ಗೆ ತಲುಪಿದ್ದ, ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತ್ತು, ತಾಯಿ ಚೆನ್ನಾಗಿದ್ದಳು. ಹಿಂದೆ ಮಗುವಿನ ಅಳು ಕೇಳುತ್ತಿತ್ತು. ಅಷ್ಟು ಇಂಪಾದ ಸದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. "ಚೀಟಿಯಲ್ಲಿ ತಪ್ಪು ನನ್ನದಪ್ಪ, ಮೇಲಿನವರದಲ್ಲ" ಎಂದೆ. ಆ ಕಡೆ ಯೂಸುಫ್ ನಕ್ಕುಬಿಟ್ಟ. "ಹೋಗ್ಲಿ ಬಿಡ್ರಿ ಸರ. ನೀವೂ ನಮ್ಮಂಗ ಮನ್ಷಾರೇ ಅಂತ ಗೊತ್ತಾತಲ್ಲ, ಭಾಳ ಹಗುರಾತು ನೋಡ್ರಿ." ಹಗುರಾದದ್ದು ಅವನಿಗೋ ನನಗೋ, ವಿಚಾರಿಸಲಿಲ್ಲ.

ಆದರೂ ಕ್ರಮವೆಂದರೆ ಕ್ರಮ. ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮ್ಯಾನೇಜರ ಕೋಣೆಗೆ ಹೋಗಿ, ನೆಟ್ಟಗೆ ನಿಂತು, ಯೂಸುಫನ ರಜೆಯನ್ನು ಯೋಸೇಫನ ಹೆಸರಿಗೆ ಬರೆದ ಅಪರಾಧವನ್ನು ಒಪ್ಪಿಕೊಂಡೆ. ಮೆಮೋ ಕೊಟ್ಟರೆ ಸಹಿ ಹಾಕಲು ಪೆನ್ನಿನ ಕ್ಯಾಪನ್ನೂ ತೆಗೆದಿಟ್ಟುಕೊಂಡಿದ್ದೆ.

ಅವರು ಕಂಪ್ಯೂಟರಿನಿಂದ ಕತ್ತು ಹೊರಳಿಸಿ ನನ್ನನ್ನು ನೋಡಿದರು. "ಇಬ್ರಾ? ಒಬ್ಬನೇ ಅಲ್ವಾ ಅವನು? ಒಬ್ಬನೇ ಎರಡು ಅರ್ಜಿ ಹಾಕಿದಾನೆ ಅಂತ ಹೆರಿಗೇದಕ್ಕೆ ಟಿಕ್ ಹಾಕ್ದೆ" ಎಂದರು. ಆಮೇಲೆ ದನಿ ಮೆತ್ತಗೆ ಮಾಡಿಕೊಂಡು, "ನಾನು ಬಂದಾಗಿಂದ ಮೂರು ವರ್ಷ ನೀವು ಒಂದೇ ಹೆಸರನ್ನ ಒಂದೊಂದು ಸಲ ಒಂದೊಂದು ಥರ ಬರೀತಿದೀರ ಅಂದ್ಕೊಂಡಿದ್ದೆ. ವಯಸ್ಸಾದೋರು, ಹೋಗ್ಲಿ, ಯಾಕೆ ಹೇಳೋದು ಅಂತ ಸುಮ್ನಿದ್ದೆ" ಎಂದರು.

ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳಲು ಒಳಗೆ ಹೋದ ನಾನು, ಮಾಡದ ತಪ್ಪುಗಳಿಗೆ ಮೂರು ವರ್ಷದ ಕ್ಷಮೆಯನ್ನು ಹೊತ್ತುಕೊಂಡು ಹೊರಗೆ ಬಂದೆ.