ಕೊನೆಯ ಏಳು ನಿಮಿಷ

ಕಳೆದ ತಿಂಗಳ ಎರಡನೇ ಭಾನುವಾರ ಸಂಜೆ, ಮಣ್ಣಗುಡ್ಡದ ಒಂದು ಮನೆಯಲ್ಲಿ, ಇಪ್ಪತ್ತಮೂರು ನಿಮಿಷದ ಹಾಡೊಂದು ಹದಿನಾರನೇ ನಿಮಿಷಕ್ಕೆ ಮುಗಿಯಿತು. ಹಾಡಿದವರು ಎಪ್ಪತ್ತರ ದಶಕದ ಇಂಗ್ಲೆಂಡಿನವರು. ಮುಗಿಸಿದವನು ನಾನು.

ದುರುದ್ದೇಶವಿರಲಿಲ್ಲ. ಮೂವತ್ತೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಪರರ ಬರಹ ಕತ್ತರಿಸಿದವನು ನಾನು. ನಿವೃತ್ತಿಯ ನಂತರ ಬೇರೇನೂ ಸಿಗದೆ, ಮನೆಗೆ ಬರುವ ಮದುವೆ ಕಾಗದಗಳಲ್ಲಿ ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂದಿದ್ದರೆ ಪೆನ್ನು ತೆಗೆದು ಎರಡು ಪದ ಹೊಡೆದುಹಾಕುತ್ತೇನೆ. ಇಂಥವನ ಕೈಗೆ ಗೆಳೆಯ ಜಯಕರ ಆ ಹಾಡಿನ ಹಳೆಯ ಗ್ರಾಮಫೋನ್ ರೆಕಾರ್ಡ್ ಕೊಟ್ಟು, “ಸ್ಕ್ರ್ಯಾಚ್ ಆಗುವ ಮೊದಲು ಪೆನ್‌ಡ್ರೈವಿಗೆ ಹಾಕಿ ಕೊಡು ಮಾರಾಯ” ಎಂದ.

ಜಯಕರ ಇಪ್ಪತ್ತು ವರ್ಷ ದುಬೈಯಲ್ಲಿದ್ದವನು. ಉಳಿದವರು ಚಿನ್ನ ತಂದರೆ ಇವನು ಈ ರೆಕಾರ್ಡನ್ನು ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಇಡೀ ಒಂದು ಬದಿಗೆ ಒಂದೇ ಹಾಡು. ಗಾಯಕ ನಾಲ್ಕನೇ ನಿಮಿಷದಲ್ಲಿ ಬಂದು, ಯಾವುದೋ ಬೆಟ್ಟದ ವಿಷಯ ವಿಚಾರಿಸಿ ಹೋಗುತ್ತಾನೆ. ಆಮೇಲೆ ಕೀಬೋರ್ಡಿನವನದೇ ಕಾರುಬಾರು. ತಿಂಗಳಿಗೊಮ್ಮೆ ನಾವು ನಾಲ್ವರು ಗೆಳೆಯರು ಮಾತಾಡದೆ, ಚಹಾ ಕುಡಿಯದೆ ಇದನ್ನು ಕೇಳಬೇಕು. ನಾನು ಕಣ್ಣು ಮುಚ್ಚಿ ಕೇಳುವುದರಿಂದ ಬಳಗದಲ್ಲಿ ನನಗೆ ರಸಿಕನೆಂಬ ಹೆಸರಿದೆ. ಹತ್ತನೇ ನಿಮಿಷದ ನಂತರ ಏನಿದೆ ಎಂದು ನನಗೆ ಗೊತ್ತಿರಲಿಲ್ಲ.

ಈ ಸಲದ ಅತಿಥಿ ಜಯಕರನ ಬೀಗರು, ಉರ್ವದಲ್ಲಿ ಹೋಟೆಲಿರುವ ಸಂಜೀವಣ್ಣ. ಮಕ್ಕಳ ನಿಶ್ಚಿತಾರ್ಥದ ದಿನ ಅವರು, “ಇಂಗ್ಲಿಷಿನವರದ್ದು ಎಂತ ಉಂಟು ಜಯಕರಣ್ಣ, ಗಲಾಟೆ” ಎಂದಿದ್ದರು. ಇಪ್ಪತ್ತು ಜನರ ಎದುರು ಜಯಕರ ಉತ್ತರ ಕೊಟ್ಟಿದ್ದ: “ಕೊನೆಯ ಏಳು ನಿಮಿಷ ಕೇಳಿ. ನಿಮ್ಮ ಕಣ್ಣಲ್ಲಿ ನೀರು ಬಾರದಿದ್ದರೆ ರೆಕಾರ್ಡನ್ನು ಅಟ್ಟಕ್ಕೆ ಹಾಕ್ತೇನೆ. ಮತ್ತೆ ಮುಟ್ಟುವುದಿಲ್ಲ.”

ಇದು ನನಗೂ ತಿಳಿದಿತ್ತು. ಆದರೆ ಕಂಪ್ಯೂಟರಿನಲ್ಲಿ ಹಾಡನ್ನು ಪರಿಶೀಲಿಸುವಾಗ, ಹದಿನಾರನೇ ನಿಮಿಷಕ್ಕೆ ಮೊದಲಿನ ರಾಗವೇ ಪುನಃ ಶುರುವಾಯಿತು. ನಮ್ಮ ಡೆಸ್ಕಿನಲ್ಲಿ ಒಂದೇ ಪ್ಯಾರಾ ಎರಡು ಸಲ ಅಚ್ಚಾದರೆ ಸಂಪಾದಕರು ಕರೆಸಿ ಬೈಯುತ್ತಿದ್ದರು. ಬೆರಳುಗಳು ತಾವಾಗಿ ಕೆಲಸ ಮಾಡಿದವು. ಸಂಪಾದಿಸಿದ ಪ್ರತಿ ಚೊಕ್ಕವಾಗಿತ್ತು ಎಂದು ಈಗಲೂ ಹೇಳಬಲ್ಲೆ.

ಆ ಭಾನುವಾರ ಪೆನ್‌ಡ್ರೈವ್ ಹಾಕಿ ಕೇಳುತ್ತಿದ್ದಾಗ ಸ್ಪೀಕರ್ ನಿಂತಿತು. ಜಯಕರ ಸ್ವಿಚ್ ಬೋರ್ಡಿನತ್ತ ಓಡಿದ. “ಎಂತ ಆಯ್ತು? ಕರೆಂಟ್ ಹೋಯ್ತಾ?”

“ಹಾಡು ಮುಗಿಯಿತು,” ಎಂದೆ.

“ಉಳಿದದ್ದು ಎಲ್ಲಿ ಉಂಟು?”

“ಪುನರುಕ್ತಿ. ತೆಗೆದೆ.”

ಜಯಕರನ ಹೆಂಡತಿ ವಾರಿಜಕ್ಕ ಅಡುಗೆಮನೆಯಿಂದಲೇ, “ಈ ಬುದ್ಧಿ ನಿಮಗೆ ಹತ್ತು ವರ್ಷ ಮೊದಲೇ ಬರಬೇಕಿತ್ತು ಭಾವ!” ಎಂದರು. ಸಂಜೀವಣ್ಣ ಎದ್ದು ನನ್ನ ಕೈ ಕುಲುಕಿ, “ಚಂದ ಉಂಟು. ಬೇಗ ಮುಗಿಯಿತು” ಎಂದರು. ಜಯಕರ ಹನ್ನೊಂದು ದಿನ ನನ್ನ ಫೋನ್ ಎತ್ತಲಿಲ್ಲ.

ಹನ್ನೆರಡನೇ ದಿನ ಅವನೇ ಕರೆದ. ರೆಕಾರ್ಡನ್ನೇ ಹಾಕಿದ. ಬೀಗರನ್ನು ಎದುರು ಕೂರಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿ, “ನಿದ್ದೆ ಮಾಡಿದರೆ ಚಿವುಟುತ್ತೇನೆ” ಎಂದ. ಹದಿನಾರನೇ ನಿಮಿಷಕ್ಕೆ ಸಂಜೀವಣ್ಣ ಚಪ್ಪಲಿ ಹುಡುಕಲು ಎದ್ದರು. “ಕೂತ್ಕೊಳ್ಳಿ, ಇನ್ನೂ ಉಂಟು,” ಎಂದ ಜಯಕರ. ಅವರು ಕೂತರು.

ಹಳೆಯ ರಾಗವೇ ಮರಳಿ ಬಂತು. ಆದರೆ ಅದೇ ಅಲ್ಲ. ಮೊದಲು ಯಾರೋ ಹುರುಪಿನಿಂದ ಮನೆಯಿಂದ ಹೊರಟಂತಿತ್ತು. ಈಗ ಅದೇ ಮನುಷ್ಯ ಅದೇ ದಾರಿಯಲ್ಲಿ ಎಲ್ಲವನ್ನೂ ನೋಡಿ ನಿಧಾನವಾಗಿ ವಾಪಸು ಬರುತ್ತಿದ್ದ. ಇಪ್ಪತ್ತೊಂದನೇ ನಿಮಿಷಕ್ಕೆ ನಾನು ಕನ್ನಡಕ ತೆಗೆದು ಒರೆಸಬೇಕಾಯಿತು. ಜಯಕರ ಅದನ್ನು ನೋಡಿದ. ನೋಡಿ ಪ್ರಯೋಜನವಿರಲಿಲ್ಲ, ಷರತ್ತು ಬೀಗರ ಕಣ್ಣಿನದ್ದು. ಅವು ಒಣಗಿಯೇ ಇದ್ದವು.

ಮೊನ್ನೆ ವಿಚಾರಿಸಿದಂತೆ, ರೆಕಾರ್ಡ್ ಅಟ್ಟದಲ್ಲಿದೆ. ಹದಿನಾರು ನಿಮಿಷದ ಪ್ರತಿಯನ್ನು ಸಂಜೀವಣ್ಣ ನನ್ನಿಂದ ಕೇಳಿ ಪಡೆದರು. ಅವರ ಹೋಟೆಲಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಅದನ್ನು ಹಾಕುತ್ತಾರೆ. ಜಯಕರ ಆ ಕಡೆ ಹೋಗುವುದಿಲ್ಲ. ನಾನು ಎರಡು ಸಲ ಹೋಗಿದ್ದೇನೆ. ಬಂಗುಡೆ ಮೀನಿನ ಪುಳಿಮುಂಚಿ ಚೆನ್ನಾಗಿತ್ತು.